ಅಪ್ಪ ಅವ್ವನನ್ನು ಯಾವ ಸಿನಿಮಾಕ್ಕೆ ಕರ್ಕೊಂಡು ಹೋಗ್ಲಿ? ಈಚೆಗೆ ನೋಡಿದವರು ಅನುಭವ ಹೇಳಿ

ಗೋಣಿಕೊಪ್ಪದ ಹುಡುಗ:
2025ರ ದಸರಾ ಮುಗೀತು, ಕಾಫಿ ಕುಯ್ಲಿಗೆ ಇನ್ನೂ ಟೈಮಿದೆ. ಅಪ್ಪನಿಗೆ 74, ಕಿವಿಗೆ ಮಿಷನ್ ಹಾಕ್ತಾರೆ, ಸೌಂಡ್ ಜಾಸ್ತಿಯಾದ್ರೆ ಕೀಂಯ್ ಅನ್ನುತ್ತೆ. ಅವ್ವನಿಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಇಬ್ಬರೂ ಥಿಯೇಟರ್ ನೋಡಿ ಹದಿನೈದು ವರ್ಷ ಆಗಿರಬಹುದು. ಮೈಸೂರಿಗೆ ಕರ್ಕೊಂಡು ಹೋಗಿ 'ಕಾಂತಾರ ಚಾಪ್ಟರ್ 1' ತೋರಿಸ್ಲಾ, ಮನೇಲೇ ಟಿವಿಯಲ್ಲಿ 'ಸು ಫ್ರಮ್ ಸೋ' ಹಾಕ್ಲಾ?

ಕಾಳುಮೆಣಸು, ಪೊನ್ನಂಪೇಟೆ:
ನಾನು ಮಾಡಿದ ತಪ್ಪು ನೀವು ಮಾಡಬೇಡಿ ತಮ್ಮಾ. ಅಕ್ಟೋಬರ್ 2, ರಿಲೀಸ್ ದಿನವೇ ನೋಡ್ಬೇಕು ಅಂತ ಹಠ ಹಿಡಿದೆ. ಅವತ್ತು ವಿಜಯದಶಮಿ, ಮೈಸೂರಲ್ಲಿ ಜಂಬೂಸವಾರಿ ಇರುತ್ತೆ ಅನ್ನೋದು ತಲೆಗೇ ಹೊಳೀಲಿಲ್ಲ. ನಗಬೇಡಿ. ಹುಣಸೂರು ದಾಟಿದ ಮೇಲೆ ಗಾಡಿ ತೆವಳಿಕೊಂಡೇ ಹೋಯ್ತು. ಎಲ್ಲೋ ಒಂದು ಬಡಾವಣೆ ಖಾಲಿ ಸೈಟಲ್ಲಿ 100 ರೂಪಾಯಿ ಕೊಟ್ಟು ನಿಲ್ಲಿಸಿ, ಅತ್ತೆಯನ್ನೂ ಸೇರಿಸಿ ಐದು ಜನ ಮೂರು ಕಿ.ಮೀ. ನಡೆದ್ವಿ. ಒಳಗೆ ಹೋಗೋ ಹೊತ್ತಿಗೆ ಸಿನಿಮಾ ಶುರುವಾಗಿ 25 ನಿಮಿಷ.

ಲೆಕ್ಕ ಬರೆದಿಟ್ಟಿದ್ದೀನಿ: ಟಿಕೆಟ್ 450ರಂತೆ ಐದಕ್ಕೆ 2,250, ಬುಕಿಂಗ್ ಚಾರ್ಜ್ 160, ಡೀಸೆಲ್ 1,400, ವಾಪಸ್ ಬರುವಾಗ ಊಟ 1,240. ಮನೆಯವಳು ಡಬ್ಬಿಯಲ್ಲಿ ಕಡಂಬುಟ್ಟು, ಅದೇ ಅಕ್ಕಿ ತರಿಯ ಉಂಡೆ ಕಡುಬು, ಕಟ್ಟಿಕೊಂಡು ಬಂದಿದ್ಲು. ಬಾಗಿಲಲ್ಲಿ ಸೆಕ್ಯೂರಿಟಿ ಹುಡುಗ ಮುಚ್ಚಳ ತೆಗೆದು, 'ಇದೇನು ಲಾಡಾ ಮೇಡಂ?' ಅಂತ ಕೇಳಿ ಪಕ್ಕದ ಟೇಬಲ್ ಮೇಲೆ ಇಟ್ಕೊಂಡ. ಹಾಗಾಗಿ ಪಾಪ್‌ಕಾರ್ನ್, ನೀರು 1,130. ಪಾರ್ಕಿಂಗ್ ಸೇರಿ ಒಟ್ಟು 6,280. ವಾಪಸ್ ಬರುವಾಗ ಆನೆಚೌಕೂರು ಹತ್ತಿರ ಮೂರು ಆನೆ, ಒಂದು ಮರಿ, ರಸ್ತೆ ಮಧ್ಯೆ ನಲವತ್ತು ನಿಮಿಷ. ಅತ್ತೆ ಹೇಳಿದ್ದು: 'ಅಂಬಾರಿನೂ ಕಾಣ್ಲಿಲ್ಲ, ಸಿನಿಮಾದ ಮೊದಲೂ ಕಾಣ್ಲಿಲ್ಲ. ಆನೆ ಮಾತ್ರ ಪುಕ್ಕಟೆ ಆಯ್ತು.'

ಸಿನಿಮಾ? ರಥದ ದೃಶ್ಯಕ್ಕೆ ಕುರ್ಚಿ ಹಿಡ್ಕೊಂಡೆ. ನಗಿಸೋಕೆ ಹೋದ ಕಡೆ ನಗು ಬರ್ಲಿಲ್ಲ. ಎರಡು ಮುಕ್ಕಾಲು ಗಂಟೆ ಉದ್ದ.

ಬಾಳೆಲೆ ಸೊಸೆ:
ಮನೇಲಿ ನೋಡೋದೇ ಸರಿ ಅಂತ ನಾನೂ ಅಂದ್ಕೊಂಡಿದ್ದೆ. 'ಸು ಫ್ರಮ್ ಸೋ' ಜುಲೈ 25ಕ್ಕೆ ರಿಲೀಸು. ಆಗ ನಮ್ಮಲ್ಲಿ ಮಳೆ ಹೇಗಿರುತ್ತೆ ಗೊತ್ತಲ್ಲ, ಗೇಟಿಂದ ಆಚೆ ಹೋಗೋ ಮಾತೇ ಇಲ್ಲ. ಓಟಿಟಿಗೆ ಬರಲಿ ಅಂತ ಕಾದ್ವಿ. ಅದಕ್ಕೇ ಅಂತ 16,500 ಕೊಟ್ಟು ಯುಪಿಎಸ್ ಬ್ಯಾಟರಿ ಬದಲಾಯಿಸಿದ್ದು. ಸರಿಯಾಗಿ ಅಶೋಕನ ಮೈಮೇಲೆ ದೆವ್ವ ಬಂತು ಅನ್ನೋ ಹೊತ್ತಿಗೆ ಕರೆಂಟ್ ಹೋಯ್ತು. ಯುಪಿಎಸ್ಸಲ್ಲಿ ಟಿವಿ ಉರೀತಿದೆ, ಆದ್ರೆ ಟವರ್ ಸತ್ತಿದೆ! ತೆರೆ ಮೇಲೆ ಆ ಉಂಗುರ ಸುತ್ತುತ್ತಾ ಕೂತ್ಕೊಳ್ತು. ಮಾರನೇ ದಿನ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡು, ಕಟ್ಟಿಸೋಕೆ ಹುಡುಗನಿಗೆ 600. ಮೂರು ದಿನ, ನಾಲ್ಕು ಕಂತಲ್ಲಿ ಮುಗಿಸಿದ್ವಿ.

ಆದ್ರೂ ಹೇಳ್ತೀನಿ, ಅಷ್ಟು ನಕ್ಕು ವರ್ಷಗಳಾಗಿತ್ತು. ಸಿನಿಮಾದ ಆ ರವಿಯಣ್ಣನ ಥರದವರು ನಮ್ಮೂರಲ್ಲೂ ಒಬ್ಬರಿದ್ದಾರೆ. ಯಾರ ಮನೇಲಿ ಸಾವಾಗ್ಲಿ ಮದುವೆಯಾಗ್ಲಿ, ಕುರ್ಚಿ ಎಲ್ಲಿ ಹಾಕ್ಬೇಕು ಅನ್ನೋದು ಅವರೇ ಹೇಳ್ಬೇಕು. ಕರಾವಳಿ ಕನ್ನಡ ಅತ್ತೆಗೆ ಅರ್ಧ ಅರ್ಥ ಆಗ್ಲಿಲ್ಲ, ಆದ್ರೂ ನನಗಿಂತ ಮೊದಲು ಅವರೇ ನಗ್ತಿದ್ರು.

ಕುಶಾಲನಗರ ಕ್ಯಾಶಿಯರ್:
@ಕಾಳುಮೆಣಸು, 450 ಯಾಕೆ ಕೊಟ್ರಿ? ಸರ್ಕಾರ 200 ಅಂತ ಮಿತಿ ಹಾಕಿದೆಯಲ್ಲ. ನಿಮ್ಮಂಥವರು ಕೇಳ್ದೆ ಕೊಡೋದ್ರಿಂದಲೇ ಅವರು ತಗೊಳ್ಳೋದು.

ಕಾಳುಮೆಣಸು, ಪೊನ್ನಂಪೇಟೆ:
ಪೇಪರ್ ಪೂರ್ತಿ ಓದಿ ಸ್ವಾಮಿ. ಆ ಆದೇಶಕ್ಕೆ ಹೈಕೋರ್ಟ್ ಸೆಪ್ಟೆಂಬರಲ್ಲೇ ತಡೆ ಕೊಟ್ಟಿದೆ. ಕೌಂಟರಲ್ಲಿ ನಿಂತು ಕಾನೂನು ಮಾತಾಡ್ತಾ ಇದ್ದಿದ್ರೆ ಇಂಟರ್‌ವಲ್ ಕೂಡ ಸಿಗ್ತಿರಲಿಲ್ಲ.

ಐನ್‌ಮನೆ ಕಿರಿಯ:
2022ರ 'ಕಾಂತಾರ'ಕ್ಕೆ ನನ್ನ ಅವ್ವ ಚಪ್ಪಲಿ ಬಿಟ್ಟು ಕೂತಿದ್ರು. ಕೊನೆಯ ಭಾಗಕ್ಕೆ ಕೈ ಮುಗಿದಿದ್ದನ್ನ ಇಳಿಸ್ಲೇ ಇಲ್ಲ. ಈ ಸಲ ಮಧ್ಯದಲ್ಲಿ 'ಎಷ್ಟು ಹೊತ್ತಾಯ್ತು?' ಅಂತ ಕೇಳಿದ್ರು. ನನಗೂ ಹಾಗೇ ಅನ್ನಿಸ್ತು. ನಮ್ಮ ಕುಟುಂಬದಲ್ಲಿ ತೆರೆ ಕಟ್ಟಿಸ್ತೀವಿ, ಅಂದ್ರೆ ವೇಷ ಕಟ್ಟಿದವನ ಮೈಮೇಲೆ ದೈವ ಬರೋ ಕೊಡಗಿನ ಆಚರಣೆ. ಬೆಳಗಿನ ಜಾವ ನಾಲ್ಕಕ್ಕೆ ದೊಂದಿ ಹೊಗೆಗೆ ಕಣ್ಣು ಉರೀತಿರುತ್ತೆ, ತೆರೆ ಕಟ್ಟಿದವನ ಕಣ್ಣಕಪ್ಪು ಬೆವರಿಗೆ ಕರಗಿ ಕೆನ್ನೆವರೆಗೆ ಇಳಿದಿರುತ್ತೆ, ಸೊಂಟದ ತೆಂಗಿನ ಗರಿ ಸರಸರ ಅನ್ನುತ್ತೆ, ಅಷ್ಟೇ ಸದ್ದು. ಅಷ್ಟು ಸಾಕು, ರೋಮ ನಿಲ್ಲುತ್ತೆ. ಇಲ್ಲಿ ಗ್ರಾಫಿಕ್ಸ್, ಯುದ್ಧ, ಕದಂಬರ ಕಾಲ, ಎಲ್ಲಾ ಇದೆ, ಆ ಸರಸರ ಇಲ್ಲ. ದೈವವನ್ನ ಸಿನಿಮಾಕ್ಕೆ ತರಲೇಬಾರದು.

ಬಾಳೆಲೆ ಸೊಸೆ:
ಹಾಗಾದ್ರೆ ಮೊದಲನೇದಕ್ಕೆ ನಿಮ್ಮ ಅವ್ವ ಚಪ್ಪಲಿ ಬಿಟ್ಟಿದ್ದು ಯಾಕಂತೆ? ಅದೂ ಸಿನಿಮಾನೇ ಅಲ್ವಾ?

ಐನ್‌ಮನೆ ಕಿರಿಯ:
ಅವ್ವನ ವಿಷಯ ನೀವು ಮಾತಾಡ್ಬೇಡಿ ಅಕ್ಕ.

ಬಾಳೆಲೆ ಸೊಸೆ:
ತೆಗೆದವರು ನೀವು.

ಮಡಿಕೇರಿ ಮಂಜು:
ಅಕ್ಟೋಬರ್ 2ಕ್ಕೆ ಮೈಸೂರಿಗೆ ಹೋದವರನ್ನ ಏನನ್ನೋದು! ಆ ರಾತ್ರಿ ಇಲ್ಲಿ ದಶಮಂಟಪ, ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನಾನು ಬೆಳಗ್ಗೆವರೆಗೆ ನಿಂತು ನೋಡಿದವನು. ಕಾಸಿಲ್ಲ, ಖರ್ಚಿಲ್ಲ. ಸಿನಿಮಾ ಆಮೇಲೆ ನೋಡ್ದೆ. ನಮ್ಮ ಗುಲ್ಶನ್ ದೇವಯ್ಯ ಅವರ ಕುಲಶೇಖರನ ಪಾತ್ರಕ್ಕೋಸ್ಕರ ನೋಡ್ಬೇಕು. ಕೊಡಗಿನ ಮೂಲದವರು, ಕನ್ನಡದಲ್ಲಿ ಮೊದಲ ಸಿನಿಮಾ, ಅದನ್ನ ಇಲ್ಲಿ ಒಬ್ಬರೂ ಬರೀಲಿಲ್ಲ. ನಮ್ಮವರು ಅಂದ್ರೆ ರಶ್ಮಿಕಾ ಹೆಸರು ಒಂದೇ ನೆನಪಾಗೋದಾ?

ಕುಶಾಲನಗರ ಕ್ಯಾಶಿಯರ್:
ನಮ್ಮವರು ನಮ್ಮವರು ಅಂತ ಸಾಕು ಮಾರಾಯ್ರೇ. ಕೊಡಗಿನ ಸಿನಿಮಾ ಅಂದ್ರೆ 2006ರ 'ಮುಂಗಾರು ಮಳೆ', ಅಲ್ಲಿಗೆ ಮುಗೀತು. ಆಮೇಲೆ ಬಂದ ಪ್ರವಾಸಿಗಳು ಇನ್ನೂ ವಾಪಸ್ ಹೋಗಿಲ್ಲ.

ಕಾಳುಮೆಣಸು, ಪೊನ್ನಂಪೇಟೆ:
ಕಥೆ ಮಡಿಕೇರಿದು, ಜಲಪಾತ ಜೋಗದ್ದು. ಜೋಗ ಇರೋದು ಶಿವಮೊಗ್ಗ ಜಿಲ್ಲೆಯಲ್ಲಿ. ನಮ್ಮಲ್ಲಿ ಅಬ್ಬಿ ಇರ್ಲಿಲ್ವಾ, ಇರ್ಪು ಇರ್ಲಿಲ್ವಾ?

ಮಡಿಕೇರಿ ಮಂಜು:
ಅಬ್ಬಿಯಲ್ಲಿ ಆ ದೃಶ್ಯ ತೆಗ್ಯೋಕಾಗುತ್ತಾ? ಜೋಗದ ಎತ್ತರ 253 ಮೀಟರ್. ಸಿನಿಮಾ ಅಂದ್ರೆ ಸರ್ವೆ ನಕ್ಷೆ ಅಲ್ಲ.

ಗೋಣಿಕೊಪ್ಪದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ಕಿವಿ ಮಿಷನ್, ಅವ್ವನ ಮೆಟ್ಟಿಲು, ಈ ಎರಡರ ಬಗ್ಗೆ ಯಾರಾದ್ರೂ ಹೇಳ್ತೀರಾ?

ಬಾಳೆಲೆ ಸೊಸೆ:
ಮಿಷನ್ ಆಫ್ ಮಾಡ್ಸಿ. ಥಿಯೇಟರ್ ಸೌಂಡು ಹಾಗೇ ಕೇಳಿದ್ರೂ ಕೇಳ್ಬಹುದು. ನಮ್ಮ ಮಾವ ಮನೇಲಿ ಅತ್ತೆ ಮಾತಾಡುವಾಗ್ಲೂ ಆಫ್ ಮಾಡ್ತಾರೆ, ಏನೂ ತೊಂದ್ರೆ ಆಗಿಲ್ಲ. ಮೆಟ್ಟಿಲಿಗೆ ಲಿಫ್ಟ್ ಇದ್ರೂ, ಒಳಗೆ ಸೀಟ್‌ವರೆಗೆ ಕತ್ತಲಲ್ಲಿ ಹತ್ತಲೇಬೇಕು. ಬುಕ್ ಮಾಡುವಾಗ ಬಾಗಿಲ ಹತ್ತಿರದ ಸಾಲು ಯಾವುದು ಅಂತ ಫೋನ್ ಮಾಡಿ ಕೇಳಿ.

ಕಾಳುಮೆಣಸು, ಪೊನ್ನಂಪೇಟೆ:
ಡಬ್ಬಿ ತಗೊಂಡು ಹೋಗ್ಬೇಡಿ. ನಮ್ಮದು ವಾಪಸ್ ಸಿಕ್ಕಿತು, ಎರಡು ಕಡಂಬುಟ್ಟು ಕಡಿಮೆ ಇತ್ತು.