ಖಾಲಿ ಡಬ್ಬಿ ವಾಪಸ್ ಕೊಡಬಹುದಾ?

ಸಂಪಿಗೆ:
ನಿನ್ನೆ ನಮ್ಮ ಮನೆಯಲ್ಲಿ ಒಂದು ಸಣ್ಣ ವಾದ ಆಯಿತು. ಇನ್ನೂ ಮುಗಿದಿಲ್ಲ. ನಿಮ್ಮ ಮನೆಗಳಲ್ಲಿ ಹೇಗೆ ಅಂತ ಕೇಳೋಣ ಅನ್ನಿಸಿತು.

ಮೂರು ತಿಂಗಳ ಹಿಂದೆ ನಮ್ಮ ಎದುರು ಮನೆಗೆ ರಾಯಚೂರು ಕಡೆಯವರು ಬಂದಿದ್ದಾರೆ. ಕಳೆದ ವಾರ ಆ ಮನೆಯ ಅಕ್ಕ ಒಂದು ಸ್ಟೀಲ್ ಡಬ್ಬಿ ತುಂಬಾ ಶೇಂಗಾ ಹೋಳಿಗೆ ತಂದುಕೊಟ್ಟರು. ಎರಡು ದಿನದಲ್ಲಿ ಖಾಲಿ. ಏಳನೇ ಕ್ಲಾಸಿನ ನನ್ನ ಮಗಳು ಡಬ್ಬಿ ತೊಳೆದು, ಒರೆಸಿ, ತಾನೇ ಹೋಗಿ ಕೊಟ್ಟು ಬಂದಳು. ಯಾರೂ ಹೇಳದೆ ತಾನಾಗಿಯೇ ಮಾಡಿದಳು ಅಂತ ನನಗೆ ಖುಷಿ. ಮೈಸೂರಿನಿಂದ ಬಂದಿರುವ ನಮ್ಮಮ್ಮನಿಗೆ ಮಾತ್ರ ಕಸಿವಿಸಿ. "ಖಾಲಿ ಡಬ್ಬಿ ಕೊಟ್ಟು ಬಂದ್ಯಾ? ಒಂದು ಚಮಚ ಸಕ್ಕರೆಯಾದರೂ ಹಾಕಬಾರದಿತ್ತಾ?" ಅಂದರು.

ಮಗಳು ಕೇಳಿದಳು: "ಅಜ್ಜಿ, ಅವರು ಪ್ರೀತಿಯಿಂದ ಕೊಟ್ಟಿದ್ದು ಅಲ್ವಾ? ಸಾಲ ಕೊಟ್ಟಿದ್ದಲ್ವಲ್ಲ?"

ಅಮ್ಮ ಸುಮ್ಮನಾದರು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಚಿಕ್ಕಂದಿನಿಂದ ನಾನೂ ಖಾಲಿ ಡಬ್ಬಿ ಕೊಟ್ಟವಳಲ್ಲ. ಆದರೆ ಯಾಕೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ನೀವೇನು ಹೇಳುತ್ತೀರಿ?

ರಾತ್ರಿಪಾಳಿ:
ನಿಮ್ಮ ಮಗಳು ಹೇಳಿದ್ದೇ ಸರಿ. ತೊಳೆದು, ಒರೆಸಿ, ಬೇಗ ವಾಪಸ್ ಕೊಟ್ಟಿದ್ದಾಳೆ. ಚೆನ್ನಾಗಿತ್ತು ಅಂತ ಹೇಳಿಯೂ ಬಂದಿರುತ್ತಾಳೆ. ಇನ್ನೇನು ಬೇಕು? ಡಬ್ಬಿಯಲ್ಲಿ ಏನಾದರೂ ಹಾಕಲೇಬೇಕು ಅಂದ ತಕ್ಷಣ ಅದು ಲೆಕ್ಕ ಆಗುತ್ತದೆ.

ಧಾರವಾಡದ ಕಾಕಾ:
ತಂಗಿ, ನಿಮ್ಮ ತಾಯಿಯವರ ಪರವಾಗಿ ನಾನು ನಿಲ್ಲುತ್ತೇನೆ.

ನಮ್ಮ ಕಡೆ ನಾಗರ ಪಂಚಮಿಗೆ ಉಂಡಿ ಕಟ್ಟುತ್ತಾರೆ. ಶೇಂಗಾ, ಎಳ್ಳು, ರವೆ, ಬೇಸನ್, ತಂಬಿಟ್ಟು, ಅಳ್ಳಿಟ್ಟು. ಮನೆಯವರೇ ತಿನ್ನುವುದಾದರೆ ಅಷ್ಟು ಬಗೆ ಯಾರೂ ಮಾಡುವುದಿಲ್ಲ. ಓಣಿಗೆ ಹಂಚಬೇಕು, ಹೆಣ್ಣುಮಕ್ಕಳ ಗಂಡನ ಮನೆಗೆ ಕಳಿಸಬೇಕು. ನಮ್ಮವ್ವ ಒಂದು ಮನೆಯ ಡಬ್ಬಿ ಬಂದರೆ, ಅದೇ ಡಬ್ಬಿಯಲ್ಲಿ ನಮ್ಮ ಉಂಡಿ ಹಾಕಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಅಲ್ಲಿ ನನ್ನನ್ನು ಕೂರಿಸಿ ಇನ್ನೊಂದು ಉಂಡಿ ತಿನ್ನಿಸುತ್ತಿದ್ದರು. ಪಂಚಮಿ ಮುಗಿಯುವುದರೊಳಗೆ ಯಾರ ಮನೆಯಲ್ಲಿ ಬೆಲ್ಲದ ಪಾಕ ಗಟ್ಟಿಯಾಗಿದೆ, ಯಾರ ಮನೆಯಲ್ಲಿ ಏಲಕ್ಕಿ ಜಾಸ್ತಿಯಾಗಿದೆ, ಎಲ್ಲ ನನಗೆ ಬಾಯಿಪಾಠ.

ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗಲೂ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಎಲ್ಲ ಉಡಿಯಲ್ಲಿ ಹಾಕಿದ ಮೇಲೆ, ಮಗಳು ಅದರಲ್ಲಿ ಚಿಟಿಕೆ ಅಕ್ಕಿ ತೆಗೆದು ತವರಿನ ಮೊರಕ್ಕೇ ವಾಪಸ್ ಹಾಕುತ್ತಾಳೆ. ಅವಳ ತವರು ಆ ಚಿಟಿಕೆ ಅಕ್ಕಿಯಿಂದ ಹೊಟ್ಟೆ ತುಂಬಿಸಿಕೊಳ್ಳಬೇಕಾಗಿಲ್ಲ. ಆದರೂ ಹಾಕುತ್ತಾಳೆ. ತವರು ಬರಿದಾಗಬಾರದು ಅಂತ. ನಿಮ್ಮ ತಾಯಿ ಹೇಳಿದ ಒಂದು ಚಮಚ ಸಕ್ಕರೆಯೂ ಅಂಥದ್ದೇ. ಲೆಕ್ಕ ಹಾಕುವವರು ಒಂದು ಚಮಚಕ್ಕೆ ನಿಲ್ಲಿಸುತ್ತಿದ್ದರಾ?

ರಾತ್ರಿಪಾಳಿ:
ಕಾಕಾ, ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಕಡೆಯಿಂದ ಹೇಳುತ್ತೇನೆ.

ನಾನು ಬೆಳೆದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಹನ್ನೊಂದು ಮನೆ, ಒಂದೇ ನಲ್ಲಿ. ಹಬ್ಬ ಬಂದರೆ ಒಂದೊಂದೇ ಮನೆಯಿಂದ ಡಬ್ಬಿ ಬರುತ್ತಿತ್ತು. ತಿನ್ನುವ ನಮಗೆ ಸಂಭ್ರಮ. ಅಮ್ಮನಿಗೆ ಸಂಕಟ. ಅಪ್ಪನ ಸಂಬಳ ತಿಂಗಳ ಕೊನೆಗೆ ಮುಗಿದಿರುತ್ತಿತ್ತು. ಒಂದು ದೀಪಾವಳಿಗೆ ಅಮ್ಮ ಕೊನೆಯ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಸಾಲ ತಂದರು. ಅದನ್ನು ಬೇರೆ ಮನೆಗಳ ಡಬ್ಬಿಗೆ ಸ್ವಲ್ಪ ಸ್ವಲ್ಪ ಹಾಕಿ ವಾಪಸ್ ಕಳಿಸಿದರು. ಪಕ್ಕದಲ್ಲಿ ನಿಂತು ನಾನೇ ನೋಡಿದ್ದೇನೆ. ಆ ದಿನ ನಮ್ಮ ಕಾಫಿಗೆ ಸಕ್ಕರೆ ಇರಲಿಲ್ಲ.

ಪದ್ಧತಿಯಲ್ಲಿ ಪ್ರೀತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಲ್ಲದವರಿಗೆ ಅದು ಭಾರ ಅಂತ ಹೇಳುತ್ತಿದ್ದೇನೆ. ಇನ್ನೂ ಒಂದು ಮಾತು. ಡಬ್ಬಿ ತೆಗೆದುಕೊಂಡು ಓಡಾಡಿದ್ದು ನಾವು ಗಂಡುಮಕ್ಕಳು. ತುಂಬಿಸಿದ್ದು ಮಾತ್ರ ಯಾವಾಗಲೂ ಅಮ್ಮಂದಿರೇ.

ಕರಾವಳಿ ಕೂಸು:
ರಾತ್ರಿಪಾಳಿಯವರೇ, ನೀವು ಬರೆದದ್ದು ಓದಿ ಕಣ್ಣು ತುಂಬಿತು. ಕೊನೆಯ ಮಾತು ಮಾತ್ರ ನೂರಕ್ಕೆ ನೂರು ಸತ್ಯ.

ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ಕ್ರಿಸ್‌ಮಸ್‌ಗೆ ಕುಸ್ವಾರ್ ಮಾಡುತ್ತೇವೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕೀಸ್. ಪ್ಲೇಟಿನಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಕೊಡುವುದು ರೂಢಿ. ಕಿಡಿಯೊ ಮಾಡುವುದು ಗೊತ್ತಾ? ಹಿಟ್ಟಿನ ಚಿಕ್ಕ ಚಿಕ್ಕ ಉಂಡೆಗಳನ್ನು ಫೋರ್ಕಿನ ಹಿಂಬದಿಗೆ ಒತ್ತಿ ಒಂದೊಂದಾಗಿ ಸುರುಳಿ ಮಾಡಬೇಕು. ನೂರಾರು ಆಗಬೇಕು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಅಪ್ಪ, ಅಣ್ಣ, ಬಂದ ನೆಂಟರು, ಎಲ್ಲರೂ ನೆಲದ ಮೇಲೆ ಕೂರಲೇಬೇಕು. ಮಮ್ಮಿ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಭಾರ ಒಬ್ಬರ ಮೇಲೇ ಬೀಳುವುದಿಲ್ಲ.

ಪಕ್ಕದ ಮನೆಯ ಅಮ್ಮ ಆ ಪ್ಲೇಟನ್ನು ಯಾವತ್ತೂ ಖಾಲಿ ಕೊಟ್ಟಿಲ್ಲ. ಅವರು ಹಾಕುತ್ತಿದ್ದದ್ದು ಒಂದು ಮೊಳ ಮಲ್ಲಿಗೆ. ಅವರದೇ ಹಿತ್ತಲಿನದು. ಅದಕ್ಕೆ ಒಲೆ ಹಚ್ಚಬೇಕಾಗಿಲ್ಲ, ದುಡ್ಡೂ ಬೇಡ.

ಅಡಿಕೆ ತೋಟ:
ಇದನ್ನೇ ಹೇಳಬೇಕು ಅಂತಿದ್ದೆ. ನಮ್ಮ ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಕಿಲೋಮೀಟರ್. ಪಾತ್ರೆ ವಾಪಸ್ ಕೊಡಲು ಹೋಗುವುದೇ ಒಂದು ಕೆಲಸ. ಬೇಯಿಸಿದ್ದನ್ನೇ ಹಾಕಬೇಕು ಅಂತೇನೂ ಇಲ್ಲ. ನಿಂಬೆಹಣ್ಣು ಎರಡು, ಕರಿಬೇವು ಒಂದು ಹಿಡಿ, ಕೆಸುವಿನ ಎಲೆ, ಸೀಸನ್‌ನಲ್ಲಿ ಅಪ್ಪೆಮಿಡಿ ಸಿಕ್ಕಿದರೆ ನಾಲ್ಕು ಮಿಡಿ. ಏನಿರುತ್ತದೋ ಅದು. ಏನೂ ಇಲ್ಲದಿದ್ದರೆ ಖಾಲಿ ಪಾತ್ರೆ ಕೊಟ್ಟು, ಒಂದು ಗಂಟೆ ಜಗಲಿಯಲ್ಲಿ ಕೂತು ಬರುತ್ತೇವೆ. ಯಾರೂ ತಪ್ಪು ತಿಳಿದಿಲ್ಲ.

ಬಾಲ್ಕನಿ ತುಳಸಿ:
ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಹಿತ್ತಲು ಎಲ್ಲಿಂದ ತರೋದು ಸ್ವಾಮಿ? ಅಂಗಡಿ ಬಿಸ್ಕೆಟ್ ಪ್ಯಾಕೆಟ್ ಹಾಕಿದರೆ ನಡೆಯುತ್ತಾ?

ಧಾರವಾಡದ ಕಾಕಾ:
ನಡೆಯುತ್ತದೆ ರೀ. ಮಕ್ಕಳಿರುವ ಮನೆಯಾದರೆ ಇನ್ನೂ ಚೆನ್ನಾಗಿ ನಡೆಯುತ್ತದೆ.

ಶಾರ್ಜಾ ಸೋದರಿ:
ಇದು ನಮ್ಮವರದ್ದು ಮಾತ್ರ ಅಂತ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಹಾಗಲ್ಲ.

ನಾನು ಇಲ್ಲಿ ನರ್ಸ್. ಊರು ಹುಬ್ಬಳ್ಳಿ. ನಮ್ಮ ಮಹಡಿಯಲ್ಲಿ ಈಜಿಪ್ಟಿನ ಒಂದು ಕುಟುಂಬ ಇದೆ. ಮೊದಲ ವರ್ಷದ ರಂಜಾನ್‌ನಲ್ಲಿ ನಾನು ಶೀರ್ ಖುರ್ಮಾ ಮಾಡಿ ಕೊಟ್ಟೆ. ಮಾರನೇ ದಿನ ಸಂಜೆ ಇಫ್ತಾರ್‌ಗೆ ಮುಂಚೆ ಅದೇ ಬಟ್ಟಲು ಬಂತು, ಒಳಗೆ ಖರ್ಜೂರ ಮತ್ತು ರವೆಯ ಒಂದು ಸಿಹಿ. ಅವರ ತಾಯಿ ಅರಬ್ಬಿಯಲ್ಲಿ ಏನೋ ಹೇಳಿದರು, ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು: ನಮ್ಮಲ್ಲಿ ಖಾಲಿ ಪಾತ್ರೆ ವಾಪಸ್ ಕೊಡುವುದಿಲ್ಲ. ನಾನು ಅಲ್ಲೇ ನಗಲು ಶುರು ಮಾಡಿದೆ. ನಮ್ಮ ಅಮ್ಮಿ ಹುಬ್ಬಳ್ಳಿಯಲ್ಲಿ ಇದೇ ಮಾತು ಹೇಳುತ್ತಾರೆ. ಪಕ್ಕದ ಲಿಂಗಾಯತರ ಮನೆಯಿಂದ ಹೋಳಿಗೆ ಡಬ್ಬಿ ಬಂದರೆ, ಅಮ್ಮಿ ಅದನ್ನು ಬೇರೆಯಾಗಿ ತೊಳೆದಿಡುತ್ತಾರೆ. ನಮ್ಮ ಮನೆಯ ಅಡುಗೆ ಅದಕ್ಕೆ ಹಾಕುವುದಿಲ್ಲ. ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ಹಾಕಿ ಕೊಡುತ್ತಾರೆ. ಅವರು ಯಾವತ್ತೂ ಹಾಗೆ ಮಾಡಿ ಅಂತ ಕೇಳಿಲ್ಲ. ಇವರೇ ಯೋಚನೆ ಮಾಡಿದ್ದು. ಹೀಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಡೆದಿದೆ.

ಎದುರಿನವರು ಏನು ತಿನ್ನುತ್ತಾರೆ, ಅವರ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ಇದೆಲ್ಲ ಆ ಡಬ್ಬಿಗೆ ಏನು ಹಾಕಲಿ ಅಂತ ಯೋಚಿಸುವಾಗಲೇ ನೆನಪಾಗುವುದು.

ಸಂಪಿಗೆ:
ಎಷ್ಟೊಂದು ಉತ್ತರ! ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಎಲ್ಲ ಓದಿ ಹೇಳಿದೆ. ರಾತ್ರಿಪಾಳಿಯವರ ಸಕ್ಕರೆಯ ಕಥೆ ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ವಿಷಯ ಹೇಳಿದರು. ಇಲ್ಲಿ ಬರೆಯಲೇಬೇಕು ಅನ್ನಿಸಿತು.

ಅವರ ಕಾಲದಲ್ಲಿ ಸಾಲ ಬೇರೆ, ಕೊಡುವುದು ಬೇರೆ ಇತ್ತಂತೆ. ಕಾಫಿಪುಡಿ, ಸಕ್ಕರೆ, ಅಕ್ಕಿ ತಂದರೆ ಲೋಟದಲ್ಲಿ ಅಳೆದು ತರುವುದು, ಅದೇ ಲೋಟದಲ್ಲಿ ಅಳೆದು ಕೊಡುವುದು. ಅದು ಕೈಗಡ. ಹಬ್ಬದ ತಿಂಡಿಯನ್ನು ಯಾರೂ ಅಳೆಯುತ್ತಿರಲಿಲ್ಲ. ಎಂಟು ಹೋಳಿಗೆ ಬಂದರೆ ಎಂಟು ಕಜ್ಜಾಯ ಕೊಡಬೇಕು ಅಂತ ಇರಲಿಲ್ಲ. ಹೆಪ್ಪಿಗೆ ಒಂದು ಚಮಚ ಮೊಸರು ತಂದರೆ ಅದನ್ನು ವಾಪಸ್ ಕೊಡುವ ಪ್ರಶ್ನೆಯೇ ಇಲ್ಲ. ಇನ್ನೊಂದು ದಿನ ಅವರ ಮನೆಯ ಮೊಸರು ಹುಳಿಯಾದಾಗ ನಮ್ಮ ಮನೆಗೆ ಬರುತ್ತಾರೆ, ಅಷ್ಟೇ.

ಸಂಕ್ರಾಂತಿ ನೆನಪು ಮಾಡಿದರು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಎಲ್ಲರ ಮನೆಯಲ್ಲೂ ಅದೇ ಐದು. ನಾವು ಅವರಿಗೆ ಬೀರುತ್ತೇವೆ, ಅವರು ನಮಗೆ ಬೀರುತ್ತಾರೆ. ಕೊಟ್ಟದ್ದೂ ಅದೇ, ಬಂದದ್ದೂ ಅದೇ. "ಲಾಭ ಯಾರಿಗಾಯಿತು ಹೇಳು?" ಅಂತ ಮೊಮ್ಮಗಳನ್ನು ಕೇಳಿದರು. ಅವಳು ಸ್ವಲ್ಪ ಯೋಚನೆ ಮಾಡಿ, "ಸಕ್ಕರೆ ಅಚ್ಚು ಮಾತ್ರ ಬೇರೆ ಬೇರೆ ಇರುತ್ತೆ ಅಜ್ಜಿ" ಅಂದಳು. ಅದೂ ನಿಜವೇ!

ರಾತ್ರಿಪಾಳಿ:
ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇವತ್ತು ಬೆಳಿಗ್ಗೆ ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೆ ನಾನೂ ಅಮ್ಮನನ್ನು ಕೇಳಿದೆ. ಆ ಸಕ್ಕರೆ ಸಾಲ ನೆನಪಿದೆಯಾ ಅಂತ. ಚೆನ್ನಾಗಿ ನೆನಪಿದೆಯಂತೆ. ಬೇಜಾರಾಗಿತ್ತಾ ಅಂದೆ. ಆಗಿತ್ತು ಅಂದರು. ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. "ಆಗ ನಿಮ್ಮಜ್ಜಿ ನನ್ನನ್ನು ಸುಮ್ಸುಮ್ನೆ ಎಲ್ಲಿಗೂ ಕಳಿಸ್ತಿರಲಿಲ್ಲ. ಡಬ್ಬಿ ಕೊಟ್ಟು ಬರ್ತೀನಿ ಅಂದ್ರೆ ಮಾತ್ರ ಬೇಡ ಅಂತಿರಲಿಲ್ಲ. ನೀವು ಹುಡುಗರು ಸ್ಕೂಲಿಗೆ ಹೋದ ಮೇಲೆ ನಾನೇ ಹೋಗಿ ಕೊಡ್ತಿದ್ದೆ. ಅರ್ಧ ಗಂಟೆ ಸಿಗ್ತಿತ್ತು" ಅಂದರು.

ಸಕ್ಕರೆ ಸಾಲ ಕೊಟ್ಟ ಕೊನೆಯ ಮನೆಯ ಆಂಟಿ ಈಗಲೂ ಅಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಮನೆಯಿಂದ ಅರ್ಧ ಗಂಟೆ ಹೊರಗೆ ಹೋಗಲು ಒಬ್ಬ ಹೆಂಗಸಿಗೆ ಡಬ್ಬಿಯ ನೆಪ ಬೇಕಿತ್ತು ಅನ್ನುವುದು ನನಗೆ ಇನ್ನೂ ಕಷ್ಟವಾಗುತ್ತಿದೆ. ಆದರೆ ಆ ಡಬ್ಬಿಗಳನ್ನು ಬರೀ ಭಾರ ಅಂತ ಇನ್ನು ಮೇಲೆ ಹೇಳುವುದಿಲ್ಲ.

ಕರಾವಳಿ ಕೂಸು:
ಅಮ್ಮನ ಹತ್ತಿರ ಕೇಳಿದ್ದು ಒಳ್ಳೆಯದಾಯಿತು. ನಾವು ಎಷ್ಟೋ ವಿಷಯ ಅವರ ಪರವಾಗಿ ನಾವೇ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಬಾಲ್ಕನಿ ತುಳಸಿ:
ನಮ್ಮ ಮನೆಯಲ್ಲಿ ಈಗ ಬೇರೆಯವರ ಡಬ್ಬಿ ನಾಲ್ಕಿವೆ. ಎಲ್ಲ ಈ ಯೋಚನೆಯಿಂದಲೇ ಉಳಿದವು. ಏನಾದರೂ ಮಾಡಿ ಹಾಕಿ ಕೊಡೋಣ, ಭಾನುವಾರ ಮಾಡೋಣ ಅಂತ ತಿಂಗಳುಗಳೇ ಕಳೆದವು. ಒಂದರ ಮೇಲೆ ಹೆಸರು ಕೊರೆಸಿದೆ, ಮದುವೆಯ ತಾರೀಖಿನ ಜೊತೆ. 1994ರದ್ದು. ಅದು ಅವರ ಮದುವೆಯ ಪಾತ್ರೆ. ಅದನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಅಡಿಕೆ ತೋಟ:
ಇವತ್ತೇ ಕೊಟ್ಟುಬಿಡಿ ಅಕ್ಕಾ. ಖಾಲಿಯಾದರೂ ಪರವಾಗಿಲ್ಲ. ಮದುವೆ ಪಾತ್ರೆ ಕಳೆದುಹೋಯಿತು ಅಂತ ಆ ಮನೆಯಲ್ಲಿ ಎಷ್ಟು ಹುಡುಕಿರುತ್ತಾರೋ.

ಶಾರ್ಜಾ ಸೋದರಿ:
ನಿಮ್ಮ ಬಾಲ್ಕನಿಯಲ್ಲಿ ತುಳಸಿ ಇದೆಯಲ್ಲ. ನಾಲ್ಕು ಎಲೆ ಹಾಕಿ ಕೊಡಿ.

ಬಾಲ್ಕನಿ ತುಳಸಿ:
ಅಯ್ಯೋ, ಹೌದಲ್ಲ! ಇಷ್ಟು ಹೊತ್ತು ಹಿತ್ತಲಿಲ್ಲ ಅಂತ ಯೋಚಿಸುತ್ತಿದ್ದೆ.

(ಒಂದು ಗಂಟೆ ಬಿಟ್ಟು ಬರೆಯುತ್ತಿದ್ದೇನೆ.) ಮೂರು ಡಬ್ಬಿ ಕೊಟ್ಟು ಬಂದೆ. ನಾಲ್ಕನೆಯವರು ಊರಲ್ಲಿಲ್ಲ. 1994ರ ಡಬ್ಬಿಯ ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅರ್ಧ ಗಂಟೆ ಮಾತಾಡಿದರು. ಮುಚ್ಚಳ ತೆಗೆದೂ ನೋಡಲಿಲ್ಲ.

ಧಾರವಾಡದ ಕಾಕಾ:
ಸಂಪಿಗೆ ತಂಗಿ, ಎದುರು ಮನೆಯ ವಿಷಯ ಏನಾಯಿತು? ಅದನ್ನು ಹೇಳಲೇ ಇಲ್ಲ.

ಸಂಪಿಗೆ:
ಹೇಳುತ್ತೇನೆ ಕಾಕಾ.

ಅಮ್ಮ ಮತ್ತು ಮಗಳು ಸೇರಿ ಕೋಡುಬಳೆ ಮಾಡಿದರು. ಸುತ್ತಿದ್ದು ಮಗಳು, ಕರಿದದ್ದು ನನ್ನ ಗಂಡ. ರಾತ್ರಿಪಾಳಿಯವರ ಮಾತು ಓದಿದ ಮೇಲೆ ಅವರೇ ಬಾಣಲೆ ಮುಂದೆ ನಿಂತರು. ಕೆಲವು ಕಪ್ಪಾದವು, ಅವನ್ನು ನಾವು ಇಟ್ಟುಕೊಂಡೆವು. ನಮ್ಮದೇ ಡಬ್ಬಿಯಲ್ಲಿ ಹಾಕಿ ಮೂವರೂ ಎದುರು ಮನೆಗೆ ಹೋದರು. ಅಮ್ಮ ಬಾಗಿಲಲ್ಲೇ, "ಮೊನ್ನೆ ಮಗು ಖಾಲಿ ಡಬ್ಬಿ ಕೊಟ್ಟಳು, ತಪ್ಪು ತಿಳ್ಕೋಬೇಡಿ" ಅಂದರಂತೆ.

ಆ ಅಕ್ಕ, "ಖಾಲಿ ಎಲ್ರೀ ಅಮ್ಮಾ? ಕೂತು ಅರ್ಧ ತಾಸು ಮಾತಾಡ್ಯಾಳ. ಈ ಊರಿಗೆ ಬಂದಮ್ಯಾಲೆ ನಮ್ಮನಿ ಒಳಗ ಬಂದು ಕೂತಾಕಿ ಅಕಿನೇ ಮೊದಲು" ಅಂದರಂತೆ. ನನ್ನ ಮಗಳು ಇದನ್ನು ನಮಗೆ ಹೇಳಿಯೇ ಇರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ನೀವು ಡಬ್ಬಿ ಬಗ್ಗೆ ಮಾತ್ರ ಕೇಳಿದ್ರಿ" ಅಂದಳು.

ಅಮ್ಮ ನಾಳೆ ಮೈಸೂರಿಗೆ ಹೊರಡಬೇಕಿತ್ತು. ಈಗ ಸೋಮವಾರ ಹೋಗುತ್ತಾರಂತೆ. ಭಾನುವಾರ ಎದುರು ಮನೆಯ ಅಕ್ಕ ಅವರಿಗೆ ಶೇಂಗಾ ಹೋಳಿಗೆ ಹೇಳಿಕೊಡುತ್ತಿದ್ದಾರೆ. ನಮ್ಮ ಡಬ್ಬಿ ಅಲ್ಲೇ ಇದೆ.