ಪದ ಬೇಕು: ಗಣಿ ಮುಚ್ಚಿದ ನೆಲದ ಹಸಿರು ಮತ್ತು ಡ್ರೋನ್

ಕಾರವಾರದಿಂದ:
ಮಾನ್ಯರೆ, ಜೋಯಿಡಾ ಕಡೆಯ ಹಳೆಯ ಮ್ಯಾಂಗನೀಸ್ ಗಣಿಯೊಂದರ ಬಳಿ ನಿಲ್ಲಿಸುವ ಫಲಕದ ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ. ಗಣಿ ಮುಚ್ಚಿದ ಮೇಲೆ ಅಲ್ಲಿ ಗಿಡಮರಗಳು ಎಷ್ಟರಮಟ್ಟಿಗೆ ಮತ್ತೆ ಬಂದಿವೆ ಎಂಬುದನ್ನು ಡ್ರೋನ್ ಹಾರಿಸಿ ವರ್ಷವರ್ಷವೂ ನೋಡುವ ಕೆಲಸವದು. ಕೆಲಸ ವಹಿಸಿದವರು ‘ಸಸ್ಯಾವರಣ ಪುನಶ್ಚೇತನ ಮೇಲ್ವಿಚಾರಣೆ’ ಎಂದು ಬರೆದುಕೊಟ್ಟಿದ್ದಾರೆ. ಓದಿದರೆ ಕಚೇರಿಯ ಯಾವುದೋ ಕೊಠಡಿಯ ಹೆಸರಿನಂತಿದೆ. ಫಲಕ ಬರೆಯುವವರು ಸೋಮವಾರ ಬರುತ್ತಾರೆ.

ಶಿರಸಿಯಿಂದ:
‘ಪುನಶ್ಚೇತನ’ ಯಾರೋ ಮುಂದೆ ನಿಂತು ಮಾಡಿಸುವ ಕೆಲಸ. ತಾನಾಗಿ ಆಗುವುದಕ್ಕೆ ಅದು ಸಲ್ಲದು. ‘ಚೇತರಿಕೆ’ ಎನ್ನೋಣವೆಂದರೆ, ಜ್ವರ ಬಿಟ್ಟವನು ಚೇತರಿಸಿಕೊಳ್ಳುವುದು ಅವನು ಬದುಕಿ ಉಳಿದಿರುವುದರಿಂದ. ತೆರೆದ ಗಣಿಯಲ್ಲಾದರೋ ಮೇಲ್ಮಣ್ಣನ್ನೇ ಕೆತ್ತಿ ತೆಗೆದಿರುತ್ತಾರೆ, ಅದರೊಂದಿಗೆ ಬೀಜ, ಬೇರು, ಬೇರಿಗೆ ಅಂಟಿ ಬಾಳುವ ಶಿಲೀಂಧ್ರ ಎಲ್ಲವೂ ಹೋಗಿರುತ್ತವೆ. ಕುಮರಿಗೆಂದು, ಅಂದರೆ ಕಾಡು ಸವರಿ ಸುಟ್ಟು ಬಿತ್ತುವ ಬೇಸಾಯಕ್ಕೆಂದು, ಕಡಿದು ಬಿಟ್ಟ ಜಾಗದಲ್ಲಿ ಬುಡಗಳು ಉಳಿದಿರುವುದರಿಂದ ‘ಮರುಚಿಗುರು’ ಎನ್ನಬಹುದು. ಬುಡವೇ ಇಲ್ಲದ ಕಡೆ ಚಿಗುರುವುದು ಯಾವುದು?

ಇನ್ನು ‘ಸಸ್ಯಾವರಣ’. ಡ್ರೋನಿನ ವಿಶೇಷ ಕ್ಯಾಮೆರಾ ನೆಲದಿಂದ ಮರಳುವ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅಳೆಯುತ್ತದೆ. ಹಸಿರೆಲೆ ಮೊದಲನೆಯದನ್ನು ಹೀರಿ ಎರಡನೆಯದನ್ನು ಹಿಂದಕ್ಕೆ ಕಳಿಸುವುದರಿಂದ, ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ -1ರಿಂದ 1ರ ನಡುವಿನ ಒಂದು ಸಂಖ್ಯೆ ಸಿಗುತ್ತದೆ. ಎಲೆ ದಟ್ಟವಾದಂತೆ ಸಂಖ್ಯೆ ಏರುತ್ತದೆ, ಆದರೆ ಅದು ಮತ್ತಿ ಮರದ ಎಲೆಯೋ ಕಮ್ಯುನಿಸ್ಟ್ ಗಿಡವೆಂಬ ಕಳೆಯ ಎಲೆಯೋ ಎಂದು ಆ ಸಂಖ್ಯೆಯೊಂದರಿಂದಲೇ ತಿಳಿಯದು. ಸೆಂಟಿನೆಲ್-2 ಉಪಗ್ರಹಕ್ಕೆ 10 ಮೀಟರಿನ ಚೌಕ ಒಂದು ಚುಕ್ಕಿಯಾಗಿ ಕಂಡರೆ ಡ್ರೋನಿಗೆ ಕೆಲವೇ ಸೆಂಟಿಮೀಟರು ಕಾಣುತ್ತದೆ, ನಿಜ. ಆದರೂ ಗಿಡದ ಹೆಸರು ಖಚಿತವಾಗಿ ಹೇಳಲು ಯಾರಾದರೂ ನಡೆದು ಹೋಗಿ ನೋಡುವುದು ಒಳ್ಳೆಯದು. ಆದ್ದರಿಂದ ಕಾಡು, ಅರಣ್ಯ, ಸಸ್ಯಸಂಪತ್ತು ಯಾವುದೂ ಬೇಡ. ಅಳೆಯುತ್ತಿರುವುದು ಹಸಿರನ್ನು, ಹಸಿರು ಎಂದೇ ಬರೆಯಿರಿ. ನಾಮಪದಗಳನ್ನು ಪೋಣಿಸುವುದನ್ನು ಬಿಟ್ಟು ಕ್ರಿಯಾಪದಕ್ಕೆ ಜಾಗ ಕೊಡಿ: ‘ಇಲ್ಲಿ ಹಸಿರು ಮರಳುತ್ತಿರುವುದನ್ನು ಡ್ರೋನ್ ಹಾರಿಸಿ ನೋಡಲಾಗುತ್ತಿದೆ.’

ಕುಮಟಾದಿಂದ:
ಎಲ್ಲ ಸರಿ, ‘ಡ್ರೋನ್’ ಏಕೆ? ಆ ಪದದ ಮೂಲಾರ್ಥ ಗಂಡುಜೇನು. 1935ರಲ್ಲಿ ಬ್ರಿಟಿಷರು ಗುರಿ ಹೊಡೆಯುವ ಅಭ್ಯಾಸಕ್ಕೆಂದು ಹಾರಿಸಿದ ಚಾಲಕರಿಲ್ಲದ ವಿಮಾನದ ಹೆಸರು ‘ಕ್ವೀನ್ ಬೀ’, ಅಂದರೆ ರಾಣಿಜೇನು. ಅದರ ಬೆನ್ನಿಗೇ ಈ ಪದವೂ ಬಂದಿತೆನ್ನುತ್ತಾರೆ. ‘ಹಾರುಗಣ್ಣು’ ಎಂಬ ಅಚ್ಚಗನ್ನಡ ಪದವಿರುವಾಗ ಎರವಲೇಕೆ? ‘ಮೇಲ್ವಿಚಾರಣೆ’ಯ ಬದಲಿಗೆ ಯಾರಾದರೂ ‘ನಿಗಾ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಪಾರಸಿ. ಇನ್ನೊಂದು ಮಾತು: ಕಾಳಿ ನದಿಯಿಂದ ಮರಳು ತೆಗೆಯುವ ಜಗಳ ಕೇಳಿ ಬೇಸತ್ತ ಜನರಿಗೆ ‘ಗಣಿ’ಯ ಪಕ್ಕದಲ್ಲಿ ‘ಮರಳು’ ಕಂಡರೆ ಹೊಳೆಯುವ ಅರ್ಥವೇ ಬೇರೆ.

ಶಿರಸಿಯಿಂದ:
ಗಂಡುಜೇನು ಕಾವಲು ಕಾಯುವುದಿಲ್ಲ, ಆದ್ದರಿಂದ ಆ ವ್ಯುತ್ಪತ್ತಿಯಿಂದ ಫಲಕಕ್ಕೆ ಪ್ರಯೋಜನವಿಲ್ಲ. ಮದುವೆಯ ಚಿತ್ರ ತೆಗೆಯುವ ಹುಡುಗನೂ ಡ್ರೋನ್ ಎನ್ನುವಾಗ ‘ಹಾರುಗಣ್ಣು’ ಓದಿದವರಿಗೆ ಕಣ್ಣಿನ ರೋಗ ನೆನಪಾದೀತು. ಪಾರಸಿಯೆಂದು ‘ನಿಗಾ’ ಬಿಡುವುದಾದರೆ ‘ಗಣಿ’ಯೂ ಸಂಸ್ಕೃತ ‘ಖನಿ’ಯ ತದ್ಭವವೇ; ಅದನ್ನೂ ಅಳಿಸಿ ನೋಡಿ, ಫಲಕದಲ್ಲಿ ಉಳಿಯುವುದು ಕಂಬ ಮಾತ್ರ. ನಮ್ಮ ಕರಾವಳಿಯ ಮಾತಿನಲ್ಲಿ ಮರಳಿಗೆ ಹೊಯ್ಗೆ ಎನ್ನುವುದರಿಂದ ಗೊಂದಲವಾಗದೆಂದು ನಾನು ಭಾವಿಸಿದ್ದೆ. ಆದರೆ ಸರಕಾರಿ ಬರಹದಲ್ಲಿ ‘ಮರಳು’ ಎಂದೇ ಇರುತ್ತದೆ. ಈ ಒಂದು ಆಕ್ಷೇಪವನ್ನು ಒಪ್ಪುತ್ತೇನೆ.

ಕಾರವಾರದಿಂದ:
ಹಾಗಾದರೆ ‘ಹಳೆ ಗಣಿಯ ನೆಲ. ಇಲ್ಲಿ ಮತ್ತೆ ಬರುತ್ತಿರುವ ಹಸಿರನ್ನು ಡ್ರೋನ್ ಹಾರಿಸಿ ಅಳೆಯಲಾಗುತ್ತಿದೆ’ ಎಂದು ಬರೆಸುತ್ತೇನೆ. ‘ಅಳೆಯಲಾಗುತ್ತಿದೆ’ಯ ಬದಲು ‘ಅಳೆಯುತ್ತಿದ್ದೇವೆ’ ಎಂದರೆ ಅಕ್ಷರವೂ ಉಳಿಯುತ್ತದೆ, ಕೆಲಸ ಯಾರದೆಂದೂ ತಿಳಿಯುತ್ತದೆ. ಕೆಲಸ ವಹಿಸಿದವರು ಒಪ್ಪುತ್ತಾರೆಯೇ ಎಂದು ನಾಳೆ ಕೇಳುತ್ತೇನೆ.