ಹಾಲು, ಬೆಣ್ಣೆ, ಮೊಟ್ಟೆ ಇಲ್ಲದ ಬೇಕಿಂಗ್: ತೂಕ ಏರದಂತೆ ಮಾಡುವುದು ಹೇಗೆ?

ಪ್ರಶ್ನೆ

ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಬಳಸದೆ ಮನೆಯಲ್ಲೇ ಕೇಕ್, ಮಫಿನ್, ಕುಕ್ಕೀಸ್ ಮಾಡಿಕೊಳ್ಳುತ್ತೇನೆ. ರುಚಿಯ ಬಗ್ಗೆ ನನ್ನ ತಕರಾರಿಲ್ಲ, ತಕರಾರು ಇರುವುದು ತೂಕದ ಬಗ್ಗೆ. ಬೆಣ್ಣೆಯ ಬದಲು ಅಷ್ಟೇ ತೂಕದ ಕೊಬ್ಬರಿ ಎಣ್ಣೆ, ಮೈದಾದ ಬದಲು ಬಾದಾಮಿ ಹಿಟ್ಟು, ಸಕ್ಕರೆಯ ಬದಲು ಖರ್ಜೂರ, ಹೀಗೆ ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಪದಾರ್ಥಗಳನ್ನೇ ಆರಿಸಿಕೊಂಡರೂ ತೂಕ ಇಳಿಯುವ ಲಕ್ಷಣ ಕಾಣುತ್ತಿಲ್ಲ. ಎಣ್ಣೆಯನ್ನು ಪೂರ್ತಿಯಾಗಿ ಬಿಟ್ಟು ಕಿವುಚಿದ ಬಾಳೆಹಣ್ಣು ಹಾಕಿದರೆ ಮಫಿನ್ ರಬ್ಬರಿನಂತೆ ಜಗ್ಗುತ್ತದೆ. ಸಿಹಿಯನ್ನೇ ಬಿಟ್ಟುಬಿಡಿ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಯಾವ ಪದಾರ್ಥವನ್ನು ಎಷ್ಟರ ಮಟ್ಟಿಗೆ ಕಡಿಮೆ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನೀವು ಮಾಡಿಕೊಂಡಿರುವ ಮೂರು ಬದಲಾವಣೆಗಳಲ್ಲಿ ಎರಡು ಕ್ಯಾಲೊರಿಯನ್ನು ಇಳಿಸುವ ಬದಲು ಏರಿಸಿವೆ. ಬೆಣ್ಣೆಯಲ್ಲಿ ಕೊಬ್ಬಿನಂಶ ಸುಮಾರು ಶೇ. 80 ಮಾತ್ರ, ಉಳಿದದ್ದು ಬಹುಪಾಲು ನೀರು. ಆದ್ದರಿಂದ 100 ಗ್ರಾಂ ಬೆಣ್ಣೆಯಲ್ಲಿ ಸುಮಾರು 720 ಕ್ಯಾಲೊರಿ ಇದ್ದರೆ, ಪೂರ್ತಿ ಕೊಬ್ಬೇ ಆಗಿರುವ ಎಣ್ಣೆಯಲ್ಲಿ, ಅದು ಕೊಬ್ಬರಿಯದಾಗಲಿ ಸೂರ್ಯಕಾಂತಿಯದಾಗಲಿ, ಹೆಚ್ಚುಕಡಿಮೆ 880 ಇರುತ್ತದೆ. ಬೆಣ್ಣೆ 100 ಗ್ರಾಂ ಎಂದಿರುವ ಪಾಕವಿಧಾನಕ್ಕೆ ಎಣ್ಣೆ 80 ಗ್ರಾಂ ಸಾಕು. ಬಾದಾಮಿ ಹಿಟ್ಟಿನದು ಇನ್ನೂ ದೊಡ್ಡ ವ್ಯತ್ಯಾಸ: 100 ಗ್ರಾಂ ಮೈದಾದಲ್ಲಿ ಸುಮಾರು 360 ಕ್ಯಾಲೊರಿ, ಬಾದಾಮಿ ಹಿಟ್ಟಿನಲ್ಲಿ 580ಕ್ಕಿಂತ ಕಡಿಮೆಯೇನಿಲ್ಲ. ಅದರಲ್ಲಿ ಪ್ರೋಟೀನ್ ಹೆಚ್ಚು ಎಂಬುದು ನಿಜವಾದರೂ, ಕೇಕಿನ ಇಡೀ ಹಿಟ್ಟನ್ನು ಅದರಿಂದಲೇ ಮಾಡುವಾಗ ಆ ಲಾಭಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಖರ್ಜೂರ ಮಾತ್ರ ನಿಮ್ಮ ಪರವಾಗಿದೆ. ನಾರಿನಂಶ ಇರುವುದರಿಂದಲೂ ಸ್ವಲ್ಪ ನೀರಿನಂಶ ಇರುವುದರಿಂದಲೂ ಅದು ಸಕ್ಕರೆಗಿಂತ ಹಗುರ. ಆದರೆ ಸಕ್ಕರೆಯಷ್ಟೇ ಸಿಹಿ ಬರಲೆಂದು ಹೆಚ್ಚು ಹೆಚ್ಚು ಸುರಿದರೆ ಆ ಅನುಕೂಲವೂ ಉಳಿಯುವುದಿಲ್ಲ. ಬೆಲ್ಲದ ವಿಷಯದಲ್ಲಂತೂ ಭ್ರಮೆ ಬೇಡ, ಕ್ಯಾಲೊರಿ ಲೆಕ್ಕದಲ್ಲಿ ಅದು ಸಕ್ಕರೆಯ ಆಸುಪಾಸಿನಲ್ಲೇ ಇದೆ.

ಎರಡನೆಯ ಉತ್ತರ

ಮೇಲಿನ ಲೆಕ್ಕ ಸರಿಯಾಗಿದೆ. ಮಫಿನ್ ಏಕೆ ಜಗ್ಗುತ್ತದೆ ಎಂಬುದಕ್ಕೆ ನಾನು ಉತ್ತರಿಸುತ್ತೇನೆ. ಮೈದಾಕ್ಕೆ ನೀರು ಸೇರಿ ಕಲಸಿದಾಗ ಗ್ಲೂಟನ್ ಎಂಬ ಜಿಗುಟಾದ ಪ್ರೋಟೀನ್ ಎಳೆಗಟ್ಟುತ್ತದೆ, ಎಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಂಡು ಆ ಎಳೆ ಉದ್ದವಾಗದಂತೆ ತಡೆಯುತ್ತದೆ. ಹಣ್ಣಿನ ತಿರುಳು ತೇವವನ್ನು ಕೊಡಬಲ್ಲದೇ ಹೊರತು ಈ ತಡೆಯುವ ಕೆಲಸವನ್ನು ಮಾಡಲಾರದು. ಆದ್ದರಿಂದ ಎಣ್ಣೆಯ ಅರ್ಧದಷ್ಟನ್ನು ಮಾತ್ರ ಹಣ್ಣಿನ ತಿರುಳಿನಿಂದ ತುಂಬಿಸಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕಲಸುವುದನ್ನು ನಿಲ್ಲಿಸಿ. ಸಣ್ಣ ಗಂಟುಗಳು ಉಳಿದರೆ ಉಳಿಯಲಿ, ಓವನ್ನಿನಲ್ಲಿ ಅವು ಕರಗಿಹೋಗುತ್ತವೆ.

ಬೆಣ್ಣೆಯ ಕೇಕನ್ನು ಅನುಕರಿಸಲು ಹೊರಡುವುದೇ ನನ್ನ ದೃಷ್ಟಿಯಲ್ಲಿ ತಪ್ಪು ದಾರಿ. ಅಮೆರಿಕದ 1930ರ ದಶಕದ ಆರ್ಥಿಕ ಕುಸಿತದ ಕಾಲದೊಂದಿಗೆ ಹೆಸರು ಸೇರಿಕೊಂಡಿರುವ ಒಂದು ಚಾಕೊಲೇಟ್ ಕೇಕ್ ಇದೆ, ಅದರಲ್ಲಿ ಮೂಲದಿಂದಲೇ ಹಾಲು, ಬೆಣ್ಣೆ, ಮೊಟ್ಟೆ ಇಲ್ಲ. ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಕೋಕೋ ಪುಡಿ ಮೂರು ದೊಡ್ಡ ಚಮಚ, ಒಂದು ಚಿಕ್ಕ ಚಮಚ ಬೇಕಿಂಗ್ ಸೋಡಾ, ಚಿಟಿಕೆ ಉಪ್ಪು, ಎಣ್ಣೆ 70 ಗ್ರಾಂ, ಒಂದು ದೊಡ್ಡ ಚಮಚ ವಿನೆಗರ್, ಒಂದು ಕಪ್ ನೀರು, ಇಷ್ಟೇ. ಇಡೀ ಕೇಕಿಗೆ ಸುಮಾರು 2,100 ಕ್ಯಾಲೊರಿ ಬರುತ್ತದೆ. ಸಕ್ಕರೆಯನ್ನು 150 ಗ್ರಾಮಿಗೆ ಇಳಿಸಿ, ಎಣ್ಣೆಯನ್ನು 45 ಗ್ರಾಂ ಮಾಡಿ, ಎರಡು ದೊಡ್ಡ ಚಮಚ ಬೇಯಿಸಿ ಅರೆದ ಸೇಬನ್ನು ಸೇರಿಸಿದರೆ ಅದು 1,700ರ ಸಮೀಪಕ್ಕೆ ಬರುತ್ತದೆ. ಹದಿನಾರು ತುಂಡು ಮಾಡಿದರೆ ಒಂದಕ್ಕೆ ಹತ್ತಿರ ಹತ್ತಿರ 107. ಸೋಡಾ ಮತ್ತು ವಿನೆಗರ್ ಕೂಡಿದ ಕ್ಷಣದಿಂದಲೇ ಗುಳ್ಳೆ ಏಳುವುದರಿಂದ ಓವನ್ ಮೊದಲೇ ಕಾದಿರಬೇಕು, ಕಲಸಿದ ಹಿಟ್ಟು ಕಾಯುತ್ತ ಕೂರಬಾರದು.

ಸಕ್ಕರೆಯನ್ನು ಕಾಲು ಭಾಗಕ್ಕಿಂತ ಹೆಚ್ಚು ಕಡಿತ ಮಾಡಬೇಡಿ. ಅದು ಸಿಹಿಗಷ್ಟೇ ಅಲ್ಲ, ತೇವವನ್ನು ಹಿಡಿದಿಡುವುದೂ ಮೃದುತ್ವ ಕೊಡುವುದೂ ಮೇಲ್ಮೈಗೆ ಕಂದು ಬಣ್ಣ ತರುವುದೂ ಅದೇ. ಕುಕ್ಕೀಸ್ ಹರಡಿಕೊಳ್ಳುವುದು ಸಹ ಸಕ್ಕರೆಯಿಂದಲೇ ಆದ್ದರಿಂದ ಅಲ್ಲಿ ಇನ್ನೂ ಎಚ್ಚರ ಬೇಕು.

ಮೂರನೆಯ ಉತ್ತರ

ಒಂದು ಮಾತಿಗೆ ನನ್ನ ಆಕ್ಷೇಪವಿದೆ. ತುಂಡನ್ನು ಚಿಕ್ಕದು ಮಾಡಿ ಸಂಖ್ಯೆಯನ್ನು ಇಳಿಸಿ ತೋರಿಸುವುದು ಸುಲಭ, ಆದರೆ ಒಂದರ ಬದಲು ಎರಡು ತುಂಡು ತಿನ್ನುವವರಿಗೆ ಅದರಿಂದ ಏನೂ ಆಗುವುದಿಲ್ಲ. ನಾನು ಮೊದಲು ನೋಡುವುದು ಕೇಕಿನ ಮೇಲಿನ ಭಾಗವನ್ನು. ಸಸ್ಯಜನ್ಯ ಮಾರ್ಗರಿನ್ (ಎಣ್ಣೆಯಿಂದ ಮಾಡಿದ, ಬೆಣ್ಣೆಯಂಥ ಪದಾರ್ಥ) ಮತ್ತು ಸಕ್ಕರೆ ಪುಡಿಯ ಐಸಿಂಗ್ ಎಂದರೆ ಬರೀ ಕೊಬ್ಬು ಮತ್ತು ಸಕ್ಕರೆ. ಅದನ್ನು ಬಿಟ್ಟು ಮೇಲೆ ಕೋಕೋ ಪುಡಿ ಜರಡಿ ಹಿಡಿದು ಉದುರಿಸಿದರೆ ಒಳಗಿನ ಕೇಕನ್ನು ಅಷ್ಟೊಂದು ಹಿಂಸಿಸಬೇಕಾಗಿಲ್ಲ. ಅದೇ ರೀತಿ, ಗೋಡಂಬಿ ಅರೆದು ಕೊಬ್ಬರಿ ಎಣ್ಣೆ ಸೇರಿಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡುವ ವೀಗನ್ (ಪ್ರಾಣಿಜನ್ಯ ಪದಾರ್ಥಗಳಿಲ್ಲದ) ಚೀಸ್‌ಕೇಕನ್ನು ಹಗುರ ತಿನಿಸೆಂದು ತಿಳಿಯಬೇಡಿ. ಅದಕ್ಕೆ 300 ಗ್ರಾಂ ಗೋಡಂಬಿ ಹಾಕಿದರೆ ಅದರಿಂದಲೇ 1,600ಕ್ಕೂ ಹೆಚ್ಚು ಕ್ಯಾಲೊರಿ ಬಂತು.

ಹಗುರವಾದ ಸಿಹಿ ಬೇಕೆಂದರೆ ಮೆರಿಂಗ್, ಅಂದರೆ ಮೊಟ್ಟೆಯ ಬಿಳಿಯ ನೊರೆಗೆ ಸಕ್ಕರೆ ಸೇರಿಸಿ ಬೇಕ್ ಮಾಡುವಂಥ ತಿನಿಸನ್ನು, ಮೊಟ್ಟೆಯಿಲ್ಲದೆ ಮಾಡಿ ನೋಡಿ. ಕಾಬೂಲಿ ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆ ಎಂಬುದನ್ನು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿದರು, ಮರುವರ್ಷ ಅದಕ್ಕೆ ಆಕ್ವಾಫಾಬಾ ಎಂಬ ಹೆಸರು ಬಂತು. ಒಂದು ಮೊಟ್ಟೆಯ ಬಿಳಿಗೆ ಬದಲಾಗಿ ಎರಡು ದೊಡ್ಡ ಚಮಚ ಸಾಕು. ನೀರು ತೆಳುವಾಗಿದ್ದರೆ ನೊರೆ ನಿಲ್ಲದು, ಆಗ ಅದನ್ನು ಕುದಿಸಿ ಬತ್ತಿಸಿ, ತಣಿಸಿಕೊಂಡು ಬಳಸಬೇಕು. ಸಕ್ಕರೆ ಇದ್ದೇ ಇರುತ್ತದೆ, ಆದರೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನೀರು ಹಾಕಿ ಮಾಡುವ ಕೇಕಿನಿಂದ ಆರಂಭಿಸುತ್ತೇನೆ. ಇನ್ನೊಂದು ಸಂದೇಹ: ಮಫಿನ್‌ಗೆ ಸೋಯಾ ಹಾಲು ಉತ್ತಮವೋ, ಬಾದಾಮಿ ಹಾಲೋ?

ಎರಡನೆಯ ಉತ್ತರ ಬರೆದವರಿಂದ

ಕ್ಯಾಲೊರಿಯನ್ನಷ್ಟೇ ನೋಡಿದರೆ ಸಕ್ಕರೆ ಸೇರಿಸದ ಬಾದಾಮಿ ಹಾಲು ಹಗುರ, 100 ಮಿ.ಲೀ.ಗೆ ಸುಮಾರು 15, ಸೋಯಾದಲ್ಲಿ 35ರ ಆಸುಪಾಸು. ಆದರೂ ಮಫಿನ್‌ಗೆ ನಾನು ಸೋಯಾವನ್ನೇ ಆರಿಸುತ್ತೇನೆ. ಅದರಲ್ಲಿ ಪ್ರೋಟೀನ್ ಇರುವುದರಿಂದ ಒಂದು ಕಪ್ಪಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿದರೆ ಒಡೆದು ಮಜ್ಜಿಗೆಯಂತೆ ಗಟ್ಟಿಯಾಗುತ್ತದೆ, ಮಫಿನ್‌ಗೆ ಒಳ್ಳೆಯ ಹದ ಬರುತ್ತದೆ. ಹನ್ನೆರಡು ಮಫಿನ್‌ಗೆ ಒಂದು ಕಪ್ ಹಾಲು ಹಂಚಿಹೋಗುವಾಗ ಒಂದೊಂದಕ್ಕೆ ಬೀಳುವ ವ್ಯತ್ಯಾಸ ನಾಲ್ಕೈದು ಕ್ಯಾಲೊರಿ ಮಾತ್ರ. ಪೊಟ್ಟಣದ ಮೇಲೆ ಸಕ್ಕರೆ ಸೇರಿಸಿಲ್ಲ ಎಂದು ಬರೆದಿದೆಯೇ ಎಂಬುದನ್ನು ನೋಡಿಕೊಳ್ಳಿ. ಡಾರ್ಕ್ ಚಾಕೊಲೇಟ್ ಕೊಳ್ಳುವಾಗಲೂ ಪದಾರ್ಥಗಳ ಪಟ್ಟಿಯನ್ನು ಓದಿ, ಕೆಲವದರಲ್ಲಿ ಹಾಲಿನ ಪುಡಿ ಇರುತ್ತದೆ.